ಹೆಸ್ಟರ್ ಆರ್ಮರಾಡ್‌ಳ ಕೊನೆಯ ಎರಡು ಸಾಲು

ಹೆಸ್ಟರ್ ಆರ್ಮರಾಡ್‌ಳನ್ನು ನೀವು ನೋಡಿಯೇ ಇರುತ್ತೀರಿ. ನೋಡಿಲ್ಲ ಎಂದು ವಾದಕ್ಕೆ ಬರಬೇಡಿ, ನನಗೆ ಸಿಟ್ಟು ಬರುತ್ತದೆ. ಭಾನುವಾರ ಸಂಜೆಯ ಧಾರಾವಾಹಿಯಲ್ಲಿ ಗಂಡನ ಚಹಾಕ್ಕೆ ವಿಷ ಹಾಕಿದ ಪಾದ್ರಿಯ ಹೆಂಡತಿ ಅವಳೇ. ಅದರ ಮರುವರ್ಷ ಹೆಂಗಸರ ಜೈಲಿನ ಮೇಟ್ರನ್ ಅವಳೇ. ಸೋಪಿನ ಪುಡಿಯ ಜಾಹೀರಾತಿನಲ್ಲಿ ಬೇಲಿಯಾಚೆಯಿಂದ ಇಣುಕಿ ಮೂಗು ಮುರಿಯುತ್ತಿದ್ದ ಪಕ್ಕದ ಮನೆಯಾಕೆಯೂ ಅವಳೇ. ಡಚೆಸ್ ಆಗಿದ್ದಾಳೆ, ಮೀನು ಮಾರಿದ್ದಾಳೆ, ಡಬ್ಲಿನ್ನಿನಲ್ಲಿ ಬಾಡಿಗೆ ಮನೆ ನಡೆಸಿದ್ದಾಳೆ, ಮೂರು ಸಲ ರಾಣಿಯಾಗಿದ್ದಾಳೆ, ಹನ್ನೊಂದು ಸಲ ಹೆಣವಾಗಿದ್ದಾಳೆ. ಮುಖ ಮಾತ್ರ ನಿಮಗೆ ನೆನಪಿಲ್ಲ. ಮಾರ್ಕೆಟ್ಟಿನಲ್ಲಿ ಜನ ಅವಳನ್ನು ತಡೆದು, "ನೀವು ನಮ್ಮ ಚಿಕ್ಕಮ್ಮನ ಜೊತೆ ಪೋಸ್ಟ್ ಆಫೀಸಲ್ಲಿ ಇದ್ರಲ್ವಾ?" ಎಂದು ಕೇಳುತ್ತಿದ್ದರು. ಅವಳು, "ಹೌದಲ್ವಾ, ಹೇಗಿದಾರೆ ಪಾಪ?" ಎಂದು ಪೋಸ್ಟ್ ಆಫೀಸಿನ ಹೆಂಗಸಿನ ದನಿಯಲ್ಲೇ ಕೇಳಿ, ಚಿಕ್ಕಮ್ಮನ ಮಂಡಿನೋವಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡು ಬರುತ್ತಿದ್ದಳು.

ನಾನು ನೋರಾ ಪಿಲ್ಲಿಂಗ್. ಮೂವತ್ತೊಂದು ವರ್ಷ ಅವಳ ಡ್ರೆಸ್ಸರ್. ಬಟ್ಟೆ ತೊಡಿಸುವುದು, ಬಿಚ್ಚುವುದು, ಗುಂಡಿ ಹೊಲಿಯುವುದು, ರಂಗದ ಪಕ್ಕದ ಕತ್ತಲಲ್ಲಿ ಶಾಲು ಹಿಡಿದು ನಿಲ್ಲುವುದು, ಇಷ್ಟೇ ನನ್ನ ಕೆಲಸ. ಹೊಸ ಊರಿಗೆ ಹೋದಾಗಲೆಲ್ಲ ಅವಳ ಕೋಣೆಯ ಬಾಗಿಲಿಗೆ ಹೆಸರಿನ ಚೀಟಿ ಚುಚ್ಚುವವಳೂ ನಾನೇ. ಮೊದಲ ವಾರ ನೀಲಿ ಶಾಯಿಯಲ್ಲಿ ಬರೆದ ಅದೇ ಚೀಟಿ. ಪಿನ್ನು ಚುಚ್ಚಿ ಚುಚ್ಚಿ ಅದರ ನಾಲ್ಕು ಮೂಲೆಯೂ ತೂತು ಬಿದ್ದಿದ್ದವು.

ಯಾವ ಪಾತ್ರವಾದರೂ ಹೆಸ್ಟರ್ ಬೂಟಿನಿಂದ ಶುರು ಮಾಡುತ್ತಿದ್ದಳು. ಚರ್ಚಿನವರು ಹಳೆ ಸಾಮಾನು ಮಾರುವ ದಿನ ಹೋಗಿ ಯಾರೋ ಸವೆಸಿದ ಜೋಡೊಂದನ್ನು ಕೊಂಡು ತರುವಳು. ವಾರವಿಡೀ ಅದರಲ್ಲೇ ನಡೆಯುವಳು. ಹಿಮ್ಮಡಿ ಸವೆದ ಕಡೆಗೆ ಮೈ ವಾಲಿದಂತೆ ನಡಿಗೆ ಬರುವುದು, ನಡಿಗೆಯ ಹಿಂದೆಯೇ ದನಿ. ದನಿಗಳನ್ನಂತೂ ಬಸ್ ಸ್ಟಾಪಿನಲ್ಲಿ ಹೆಕ್ಕಿಕೊಂಡು ಬರುತ್ತಿದ್ದಳು. ಎಲ್ಲರ ದನಿಯೂ ಬರುತ್ತಿತ್ತು, ಒಂದನ್ನು ಬಿಟ್ಟು.

ಅವಳು ಹುಟ್ಟಿದ್ದು ಲ್ಯಾಂಕಾಶೈರಿನ ಒಂದು ಗಿರಣಿ ಬೀದಿಯಲ್ಲಿ. ನಾನೂ ಆ ಕಡೆಯವಳೇ. ಯುದ್ಧ ಮುಗಿದ ಮರುವರ್ಷ, ಹದಿನೆಂಟರ ಹುಡುಗಿ, ಲಂಡನ್ನಿನ ನಾಟಕ ಶಾಲೆಗೆ ಹೋದಳು. ಅಲ್ಲಿ ಒಬ್ಬ ಮೇಡಮ್ಮು ಇವಳ ಬಾಯಿಯ ಮುಂದೆ ಮೋಂಬತ್ತಿ ಹಿಡಿದು, ‘ಹ’ ಅಂದಾಗಲೆಲ್ಲ ಜ್ವಾಲೆ ಅಲ್ಲಾಡಬೇಕು ಎಂದು ಮೂರು ವರ್ಷ ಕೂರಿಸಿದಳಂತೆ. ನಮ್ಮ ಕಡೆ ‘ಹ’ ಎನ್ನುವುದು ಯಾರ ಬಾಯಲ್ಲೂ ಇಲ್ಲ. ಅವಳ ಅಮ್ಮ ಏಡಾ ಕೊನೆಯವರೆಗೂ ಮಗಳನ್ನು ಕರೆದದ್ದು ‘ಎಸ್ಟರ್’ ಎಂದೇ. ಆ ಅಮ್ಮನ ಮಣ್ಣಿನ ದಿನವೂ ಹೆಸ್ಟರ್ ಬಿಷಪ್ಪನ ಮಗಳ ಹಾಗೆ ನುಣ್ಣಗೆ ಮಾತಾಡಿದಳು. ಕುಡಿದಾಗಲೂ ಅಷ್ಟೆ, ನನ್ನ ಮೇಲೆ ಕೂಗಾಡುವಾಗಲೂ ಅಷ್ಟೆ. ಅವಳದೇ ದನಿ ಹೇಗಿತ್ತು ಎಂಬುದು ಮೂವತ್ತೊಂದು ವರ್ಷದಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ತೊಂದರೆ ಎದ್ದು ಕಂಡದ್ದು ಅವಳಿಗೆ ಅರವತ್ತೇಳು ತುಂಬಿದ ವರ್ಷದ ಮಾರ್ಚಿನಲ್ಲಿ. ಊರೂರು ಸುತ್ತುವ ಒಂದು ಕೊಲೆ ನಾಟಕ. ಎರಡನೆಯ ಅಂಕದ ಕೊನೆಗೆ ಅವಳು ಕೊಲೆಗಾರನ ಹೆಸರು ಹೇಳಬೇಕು. ಹೆಸರು ಬರಲಿಲ್ಲ. ಹೆಸ್ಟರ್ ಮೆಲ್ಲಗೆ ಕೆಟಲ್ ಎತ್ತಿ, ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸಿ, ಸಕ್ಕರೆ ಹಾಕಿ, ಕಲಕಿ, ಆಮೇಲೆ ಬಾಗಿಲ ಬಳಿ ನಿಂತಿದ್ದ ಅವನ ಕಡೆ ಚಮಚ ತೋರಿಸಿದಳು. ಸಭೆ ಉಸಿರು ಹಿಡಿದು ಕೂತಿತ್ತು. ಮರುದಿನ ಪತ್ರಿಕೆಯವನು ‘ಆ ಮೌನವನ್ನು ನೋಡಲೆಂದೇ ಹೋಗಬೇಕು’ ಎಂದು ಬರೆದ. ಅದನ್ನು ಓದಿ ಅವಳ ಮುಖ ಸುಣ್ಣದಂತಾಯಿತು.

ಅದೇ ಭಾನುವಾರ, ಪ್ರೆಸ್ಟನ್ ಸ್ಟೇಷನ್ನಿನಲ್ಲಿ ಮುಂದಿನ ರೈಲಿಗೆ ಕಾಯುತ್ತ ಕೂತಿದ್ದಾಗ ಅವಳು ನನ್ನ ಕೈಯಿಂದ ಬನ್ನು ಕಿತ್ತು ತಟ್ಟೆಗೆ ಹಾಕಿದಳು.

"ತಿನ್ನೋದು ಆಮೇಲೆ. ಇಲ್ಲಿ ಕೇಳು. ಮಾತು ಮರೆತದ್ದು ಇದು ನಾಲ್ಕನೇ ಸಲ."

"ಮೂರನೇದು."

"ನಾಲ್ಕು. ಒಂದನ್ನ ನಿನಗೂ ಗೊತ್ತಾಗದ ಹಾಗೆ ಮುಚ್ಚಿಬಿಟ್ಟೆ. ಅದೇ ನೋಡು ನನ್ನ ಭಯ. ಐವತ್ತು ವರ್ಷ ಮುಚ್ಚಿಡೋದೇ ಕಲ್ತಿದೀನಿ. ತಪ್ಪಿದ್ರೂ ಚಪ್ಪಾಳೆ ಬೀಳುತ್ತೆ. ನನಗೇ ಗೊತ್ತಾಗದೆ ಹೋಗೋ ದಿನ ಬಂದ್ರೆ ಏನೇ ಮಾಡ್ಲಿ?"

"ಡಾಕ್ಟರ ಹತ್ರ ಹೋಗೋಣ ನಡಿ."

"ಹೋದೆ ಕಣೇ. ಅವನು ಪ್ರಧಾನಮಂತ್ರಿ ಯಾರು ಅಂತ ಕೇಳಿದ. ಗೊತ್ತು, ಆದ್ರೆ ಹೇಳೋಕೆ ಮನಸ್ಸಿಲ್ಲ ಅಂದೆ. ನಕ್ಕು ಕಳಿಸಿದ." ಅವಳು ಮೇಜಿನ ಮೇಲೆ ಬೆರಳು ಕುಟ್ಟುತ್ತಲೇ ಇದ್ದಳು. "ಮುದುಕ ಬಾರ್ಟನ್ ನೆನಪಿದೆಯಾ? ಕೊನೇ ವರ್ಷ ಅವನು ರಂಗದ ಮೇಲೆ ದಾರಿ ತಪ್ಪಿದಾಗಲೆಲ್ಲ ನಾವು ಕೈ ಹಿಡಿದು ಒಳಗೆ ಕರ್ಕೊಂಡು ಬರ್ತಿದ್ವಿ. ಹಿಂದಿನಿಂದ ಎಲ್ಲರೂ ಪಾಪ ಪಾಪ ಅಂತಿದ್ರು. ನನ್ನನ್ನ ಹಾಗೆ ಪಾಪ ಅನ್ನಿಸ್ಕೊಳ್ಳೋಕೆ ಬಿಡಬೇಡ. ಇನ್ನೊಂದು ಸಲ ಮಾತು ತಪ್ಪಿದ್ರೆ, ಬಾಗಿಲ ಮೇಲಿನ ಚೀಟಿ ನೀನೇ ಕೀಳಬೇಕು. ನೀನೇ ಚುಚ್ಚಿದ್ದು, ನೀನೇ ಕಿತ್ತುಬಿಡು. ನಾನು ಬೇಡ ಅಂತೀನಿ, ಕಾಡ್ತೀನಿ, ಬೇಡ್ಕೋತೀನಿ. ಯಾವ ದನಿಯಲ್ಲಿ ಬಂದು ಬೇಡ್ಕೊಂಡ್ರೂ ಕೊಡಬಾರದು."

"ನಿನ್ನ ಎಲ್ಲಾ ದನಿನೂ ನನಗೆ ಗೊತ್ತು, ಹೋಗೇ," ಎಂದೆ.

"ಹಾಗಾದ್ರೆ ಮಾತು ಕೊಡು."

ಮಾತು ಕೊಟ್ಟೆ. ಅವಳು ಬನ್ನನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು. ನಾನು ಅದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಬೇಸಿಗೆ ಹೇಗೋ ಕಳೆಯಿತು. ಡಿಸೆಂಬರಿನಲ್ಲಿ ಕಾಲ್ಡರ್‌ಶಾ ಊರಿನ ಕೊರೊನೇಶನ್ ಥಿಯೇಟರಿನಲ್ಲಿ ಕ್ರಿಸ್‌ಮಸ್ ನಾಟಕಕ್ಕೆ ಕರೆ ಬಂತು. ಪ್ರತಿ ಚಳಿಗಾಲ ಎಲ್ಲ ಊರಿನಲ್ಲೂ ಮಕ್ಕಳಿಗಾಗಿ ಆಡುವಂಥದ್ದು: ಒಂದು ಬಡ ಹುಡುಗಿ, ಒಬ್ಬ ಕೆಟ್ಟ ಮಾವ, ಹೆಂಗಸಿನ ವೇಷದ ದಪ್ಪ ಗಂಡಸು, ಇಬ್ಬರು ಸೇರಿ ಆಗುವ ಒಂದು ಹಸು. ಹೆಸ್ಟರಿಗೆ ಒಳ್ಳೆಯ ಕಿನ್ನರಿಯ ಪಾತ್ರ. ಅರವತ್ತೇಳರ ಕಿನ್ನರಿ. ಮಾತೆಲ್ಲ ಪ್ರಾಸದಲ್ಲಿ. ಗದ್ಯವಾದರೆ ಮರೆತ ಕಡೆ ಏನೋ ಒಂದು ಹೊಲಿದು ಮುಂದೆ ಹೋಗಬಹುದು. ಪ್ರಾಸದಲ್ಲಿ ತೇಪೆ ಹಾಕಿದರೆ ಎದ್ದು ಕಾಣುತ್ತದೆ.

ಆದರೆ ಅವಳ ನಿದ್ದೆ ಕೆಡಿಸಿದ್ದು ಬೇರೆ. ಕ್ರಿಸ್‌ಮಸ್ ನಾಟಕದ ಕೊನೆಯ ಎರಡು ಸಾಲು ಕಿನ್ನರಿಯವು, ಮತ್ತು ಅವನ್ನು ತಾಲೀಮಿನಲ್ಲಿ ಯಾರೂ ಹೇಳುವಂತಿಲ್ಲ. ಮೊದಲ ಆಟದ ದಿನ, ಸಭೆಯ ಎದುರಿಗೆ, ಮೊದಲ ಸಲ ಬಾಯಿಂದ ಬರಬೇಕು. ಅಲ್ಲಿಯವರೆಗೆ ನಾಟಕ ಮುಗಿದಂತಲ್ಲ. ಮುಗಿಯದ್ದನ್ನು ಮುಗಿಸಿದರೆ ಕೇಡು. ಕೊರೊನೇಶನ್ನಿನಲ್ಲಿ ಇನ್ನೂ ಬಿಗಿ. ಉಳಿದವರ ಪುಸ್ತಕದಲ್ಲಿ ಕೊನೆಯ ಪುಟವೇ ಖಾಲಿ. ನಾಟಕ ಬರೆದ ಮುದುಕ ಆ ಎರಡು ಸಾಲನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಹೇಳುವವರ ಕೈಗೆ ಮಾತ್ರ ಕಳಿಸುತ್ತಾನೆ. ಹಿಂದೆ ಒಬ್ಬಳು ತಾಲೀಮಿನಲ್ಲಿ ಜಂಬಕ್ಕೆ ಹೇಳಿಬಿಟ್ಟಿದ್ದಳು. ಅದೇ ವಾರ ರಂಗದ ನೆಲದ ಹಲಗೆ ಜಾರಿ ಹಸುವಿನ ಹಿಂಗಾಲಿನವನು ತೊಡೆ ಮುರಿದುಕೊಂಡ. ನಗುವವರು ನಗಲಿ, ನಾನು ಇದನ್ನೆಲ್ಲ ನಂಬುವವಳು.

ತಾಲೀಮಿನಲ್ಲಿ ಹೆಸ್ಟರ್ ಮುಂದೆ ಬಂದು, ಮಂತ್ರದ ಕೋಲೆತ್ತಿ, ಆ ಸಾಲುಗಳ ಬದಲು "ಟಮ್‌ಟಿ ಟಮ್‌ಟಿ ಟಮ್‌ಟಿ ಟಮ್" ಎನ್ನುವಳು. ಎಲ್ಲರೂ ತಲೆ ಬಾಗುವರು. ನಿರ್ದೇಶಕ ಪಿಯರ್ಸ್, ಮೀಸೆ ಈಗಷ್ಟೇ ಬರುತ್ತಿರುವ ಮನುಷ್ಯ, "ಸೊಗಸಾಗಿದೆ ಡಾರ್ಲಿಂಗ್" ಎನ್ನುವನು. ಕೋಣೆಗೆ ಬಂದ ಮೇಲೆ ಅವಳ ಚಡಪಡಿಕೆ ಶುರು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಲಕೋಟೆ ತೆಗೆಯುವುದು, ಓದುವುದು, ಮಡಚಿ ಗೌನಿನ ಜೇಬಿಗೆ ಹಾಕುವುದು, ಮತ್ತೆ ತೆಗೆಯುವುದು.

"ಕಣ್ಣಿಗೆ ಗೊತ್ತು ಕಣೇ ನೋರಾ. ನಾಲಿಗೆಗೆ ಗೊತ್ತಿದೆಯೋ ಇಲ್ವೋ, ಹೇಳದೆ ಹೇಗೆ ತಿಳಿಯುತ್ತೆ? ಒಂದೇ ಒಂದು ಸಲ. ನಲ್ಲಿ ಬಿಡ್ತೀನಿ, ನೀರಿನ ಸದ್ದಲ್ಲಿ ಯಾರಿಗೂ ಕೇಳಲ್ಲ."

"ನನಗೆ ಕೇಳುತ್ತಲ್ಲ."

"ನೀನು ಹೊರಗೆ ಹೋಗು."

"ಹೋಗಲ್ಲ. ಇಷ್ಟು ವರ್ಷದಲ್ಲಿ ಕೋಣೆಯೊಳಗೆ ಯಾರಿಗೂ ಸಿಳ್ಳೆ ಹೊಡೆಯೋಕೆ ಬಿಟ್ಟಿಲ್ಲ ನಾನು, ಕೇಡು ಅಂತ. ಇದನ್ನ ಬಿಡ್ತೀನಾ? ಯಾರದಾದ್ರೂ ಕಾಲು ಮುರಿದ್ರೆ ನೀನು ಕಟ್ತೀಯಾ?"

"ನನ್ನ ಕಾಲು ಮುರೀತಿದೆಯಲ್ಲೇ ಮುದುಕಿ," ಎಂದಳು ಅವಳು. ದನಿ ಏರಿಸದೆ ಹೇಳಿದಳು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು, ಕೇಳಿಸದವಳ ಹಾಗೆ ಕಿನ್ನರಿಯ ಲಂಗಕ್ಕೆ ಇಸ್ತ್ರಿ ಹಾಕತೊಡಗಿದೆ. ಆ ಹಟವನ್ನು ಈಗ ನೆನೆದರೆ ನನ್ನನ್ನೇ ನಾನು ಬಡಿದುಕೊಳ್ಳಬೇಕು ಎನಿಸುತ್ತದೆ.

ಆದರೆ ಒಂದು ಕೆಲಸ ಮಾಡಿದೆ. ಮೊದಲ ಆಟದ ಬೆಳಿಗ್ಗೆ, ಅವಳ ಮೇಲೆ ಬೀಳುವ ದೀಪ ಸರಿಮಾಡಲೆಂದು ಅವಳನ್ನು ರಂಗಕ್ಕೆ ಕರೆದಾಗ, ಗೌನಿನ ಜೇಬಿಗೆ ಕೈ ಹಾಕಿ, ಲಕೋಟೆ ತೆಗೆದು, ಆ ಎರಡು ಸಾಲನ್ನು ಹತ್ತು ಸಲ ಓದಿಕೊಂಡೆ. ಕಳ್ಳಿಯ ಹಾಗೆ ಬಾಗಿಲ ಕಡೆ ನೋಡುತ್ತಲೇ ಇದ್ದೆ. ಅವಳಿಗೆ ತಪ್ಪಿದರೆ ಪಕ್ಕದಿಂದ ಹೇಳಿಕೊಡಲು ಈ ಕಟ್ಟಡದಲ್ಲಿ ಬೇರೆ ಯಾರಿಗೂ ಆ ಸಾಲು ಗೊತ್ತಿರಲಿಲ್ಲ. ಸಾಲು ಏನೆಂದು ಈಗಲೇ ಕೇಳಬೇಡಿ. ಹೇಳುವ ಹೊತ್ತು ಬಂದಾಗ ಹೇಳುತ್ತೇನೆ.

ಆ ದಿನ ಎರಡು ಆಟ: ಒಂದು ಗಂಟೆಗೆ ಶಾಲೆಯ ಮಕ್ಕಳಿಗೆ, ಐದಕ್ಕೆ ಊರಿನವರಿಗೆ. ಆಟಕ್ಕೆ ಮೊದಲು ‘ಅರ್ಧ ಗಂಟೆ’ ಎಂದು ಕೂಗುತ್ತಾರೆ. ನಮ್ಮಲ್ಲಿ ಅರ್ಧ ಗಂಟೆಯೆಂದರೆ ಮೂವತ್ತೈದು ನಿಮಿಷ, ಯಾಕೆಂದು ಕೇಳಿದವರು ಹೊರಗಿನವರು. ಕೂಗು ಬಂದಾಗ ಹೆಸ್ಟರ್ ಬೆಳ್ಳಿ ಬಣ್ಣದ ಚಪ್ಪಲಿ ಮೆಟ್ಟಿ ಎದ್ದಳು. ಕಿನ್ನರಿಗೆ ಅವಳು ಕೊಟ್ಟದ್ದು ಬಸ್ ಕಂಡಕ್ಟರಳ ನಡಿಗೆ: ಕಾಲು ಅಗಲಿಸಿ, ಸೊಂಟಕ್ಕೆ ಚೀಲ ತೂಗಿದಂತೆ, ಟಿಕೆಟ್ಟು ಹರಿದುಕೊಟ್ಟಂತೆ ವರ ಕೊಡುವುದು. ಬಂದ ಮೊದಲ ನಿಮಿಷಕ್ಕೇ ನಾನೂರು ಮಕ್ಕಳು ಬಿದ್ದು ಬಿದ್ದು ನಕ್ಕರು. ಪ್ರಾಸ ಒಂದೂ ತಪ್ಪಲಿಲ್ಲ. ನಾನು ಎಡಪಕ್ಕದ ಪರದೆಯ ಮರೆಯಲ್ಲಿ ಶಾಲು ಹಿಡಿದು ನಿಂತು ಎಣಿಸುತ್ತಿದ್ದೆ: ಇನ್ನು ಎರಡು ದೃಶ್ಯ, ಇನ್ನು ಒಂದು, ಇನ್ನು ಮದುವೆ ಮೆರವಣಿಗೆ.

ಕೊನೆಗೆ ಎಲ್ಲರೂ ಸಾಲಾಗಿ ನಿಂತರು. ಹೆಸ್ಟರ್ ಮುಂದೆ ಬಂದಳು. ಕೋಲೆತ್ತಿದಳು. ಬಾಯಿ ತೆರೆದಳು.

ಏನೂ ಬರಲಿಲ್ಲ.

ಅವಳ ಕಣ್ಣು ನೋಡಿಯೇ ನನಗೆ ತಿಳಿಯಿತು. ಇದು ಕೆಟಲ್ಲಿನ ಮೌನವಲ್ಲ. ಇಲ್ಲಿ ಬಗ್ಗಿಸಲು ಚಹಾವೂ ಇರಲಿಲ್ಲ. ಹೇಳಿಕೊಡೋಣವೆಂದು ನಾನು ಬಾಯಿ ತೆರೆದೆ. ಸಾಲು ನನ್ನ ಕಣ್ಣ ಮುಂದೆ ಇದ್ದಂತೆಯೇ ಇತ್ತು, ಅಕ್ಷರ ಅಕ್ಷರ ಕಾಣುತ್ತಿತ್ತು, ಆದರೆ ನಾಲಗೆಗೆ ಬರಲೊಲ್ಲದು. ನಾನೂ ಅದನ್ನು ಕಣ್ಣಲ್ಲಿ ಓದಿದ್ದೆನೇ ಹೊರತು ಬಾಯಲ್ಲಿ ಒಂದು ಸಲವೂ ಅಂದಿರಲಿಲ್ಲವಲ್ಲ. ಹಸುವಿನ ಹಿಂಗಾಲು ಕೆಮ್ಮಿತು. ಮಕ್ಕಳಲ್ಲಿ ಒಂದು "ಅಜ್ಜಿ ನಿದ್ದೆ ಮಾಡ್ಬಿಟ್ಲು" ಎಂದಿತು.

ಆಗ ಹೆಸ್ಟರ್ ಕೋಲು ಇಳಿಸಿದಳು. ಆ ಕೈಯನ್ನೇ ಹುಬ್ಬಿನ ಮೇಲೆ ಹಿಡಿದು, ಬೀದಿಯ ಆ ತುದಿಯವರೆಗೂ ನೋಡುವವಳ ಹಾಗೆ ಸಭೆಯ ಕಡೆ ನೋಡಿದಳು. ಆಮೇಲೆ ಕೂಗಿದಳು.

"ಬನ್ರೋ ಮಕ್ಳಾ, ಒತ್ತಾಯ್ತು! ಬೀದಿ ದೀಪ ಅಚ್ಚವ್ರೆ. ಕೋಟು ಆಕ್ಕಳ್ರೋ. ಪೈ ಒಲೆಯಿಂದ ಇಳ್ಸಿವ್ನಿ, ಆರೋಯ್ತದೆ. ಕಾಲ್ಚೀಲ ಒದ್ದೆ ಆಗಿರೋವ್ರು ಮೊದ್ಲು ಬನ್ನಿ, ಬೈಯಾಕಿಲ್ಲ. ಬನ್ರಪ್ಪಾ, ಮನೆಗ್ ಬನ್ನಿ."

ಯಾರ ದನಿ ಅದು! ಒರಟು, ಬಿಸಿ, ನಮ್ಮ ಕಡೆಯ ನೆಲದ್ದೇ. ನನ್ನ ಕೈಯಿಂದ ಶಾಲು ಬಿತ್ತು. ಮುಂದೆ ಆದದ್ದನ್ನು ಹೇಳಿದರೆ ನೀವು ನಂಬುವುದಿಲ್ಲ, ನಾನು ಕಣ್ಣಾರೆ ಕಂಡೆ: ನಾನೂರು ಮಕ್ಕಳು ಎದ್ದು ನಿಂತರು. ಗಲಾಟೆಯಿಲ್ಲ. ಸೀಟಿನ ಕೆಳಗಿನಿಂದ ಕೋಟು ಎಳೆದು ತೋಳು ತೂರಿಸತೊಡಗಿದರು. ಮೂರನೆಯ ಸಾಲಿನ ಟೀಚರಮ್ಮ ತನಗೇ ತಿಳಿಯದೆ ಮಫ್ಲರ್ ಸುತ್ತಿಕೊಂಡಳು. ರಂಗದ ಮೇಲೆ ಹಸು ಎರಡು ಹೆಜ್ಜೆ ಹೊರಟೇಬಿಟ್ಟಿತ್ತು. ಪರದೆ ಬಿದ್ದಮೇಲೆ ಚಪ್ಪಾಳೆ ಬಂತು, ಕೋಟು ಹಾಕಿದ ಕೈಗಳ ಮೆತ್ತನೆಯ ಚಪ್ಪಾಳೆ.

ಪಿಯರ್ಸ್ ಓಡಿಬಂದ. ಅವನ ಕಣ್ಣಲ್ಲಿ ನೀರಿತ್ತು. "ಡಾರ್ಲಿಂಗ್! ಆ ಮುದುಕ ಇಷ್ಟು ಚೆನ್ನಾಗಿ ಬರೀತಾನೆ ಅಂತ ನನಗೆ ಗೊತ್ತೇ ಇರಲಿಲ್ಲ! ಪ್ರಾಸ ಮುರಿದುಬಿಟ್ಟಿದಾನೆ ನೋಡಿ, ಎಂಥಾ ಧೈರ್ಯ!" ರಂಗದ ವ್ಯವಸ್ಥೆ ನೋಡಿಕೊಳ್ಳುವ ಮೊರ್ವೆನ್ ಖಾಲಿ ಪುಟಕ್ಕೆ ಪೆನ್ಸಿಲ್ ಹಿಡಿದು, "ಹೆಸ್ಟರ್, ಒಂದ್ಸಲ ನಿಧಾನವಾಗಿ ಹೇಳ್ತೀರಾ, ಬರ್ಕೋತೀನಿ" ಎಂದಳು. "ಆಮೇಲೆ ಚಿನ್ನ, ಚಹಾ ಕುಡಿದು," ಎಂದು ಹೆಸ್ಟರ್ ಬಿಷಪ್ಪನ ಮಗಳ ದನಿಯಲ್ಲಿ ಹೇಳಿ ಮೆಟ್ಟಿಲು ಹತ್ತಿದಳು.

ಕೋಣೆಗೆ ಬಂದು ಕುರ್ಚಿಯಲ್ಲಿ ಕೂತು, ಹ್ಯಾಮ್ ಸ್ಯಾಂಡ್‌ವಿಚ್ಚಿನ ಅರ್ಧವನ್ನು ಒಂದೇ ಸಲ ಬಾಯಿಗೆ ತುರುಕಿದಳು. ತಿಂಗಳಿಂದ ಅವಳು ಹಾಗೆ ತಿಂದದ್ದನ್ನು ನಾನು ನೋಡಿರಲಿಲ್ಲ.

"ನೋಡಿದ್ಯಾ? ಸುಮ್ಮನೆ ಹೆದರಿದ್ದೆ. ಒಂದು ಗಳಿಗೆ ಕಣ್ಣು ಕತ್ತಲೆ ಬಂತು, ಅಷ್ಟೆ. ಆಮೇಲೆ ಒಂದಕ್ಷರ ತಪ್ಪದೆ ಬಂತಲ್ಲ!"

ಅವಳು ನಾಟಕವಾಡುತ್ತಿರಲಿಲ್ಲ. ನಾನು ಅವಳನ್ನು ಬಲ್ಲೆ.

ಸುಮ್ಮನಿದ್ದುಬಿಡಬಹುದಿತ್ತು. ಪಿಯರ್ಸಿಗೆ ಗೊತ್ತಿಲ್ಲ, ಮೊರ್ವೆನ್ನಳಿಗೆ ಗೊತ್ತಿಲ್ಲ, ಬರೆದ ಮುದುಕ ಎದೆನೋವೆಂದು ಮನೆಯಲ್ಲಿ ಮಲಗಿದ್ದ. ಪ್ರಪಂಚದಲ್ಲಿ ನನಗೊಬ್ಬಳಿಗೆ ಗೊತ್ತು. ಅವಳು ಅಷ್ಟು ಸಂತೋಷವಾಗಿ ತಿನ್ನುತ್ತಿದ್ದಳು. ನಾನು ಸ್ಯಾಂಡ್‌ವಿಚ್ಚಿನ ಇನ್ನರ್ಧ ಮುಗಿಯುವವರೆಗೂ ಕಾದೆ. ಅಷ್ಟು ಮಾತ್ರ ನನ್ನ ಕೈಲಾಯಿತು.

"ಹೆಸ್. ಕೊನೆಗೆ ನೀನು ಏನು ಹೇಳಿದೆ?"

"ಅದೇ, ಲಕೋಟೆಯಲ್ಲಿ ಇರೋದು."

"ಅಲ್ಲ ಕಣೇ."

"ಅದು ನಿನಗೆ ಹೇಗೆ ಗೊತ್ತು?" ಎಂದವಳು ತಟಕ್ಕನೆ ಎದ್ದು ನಿಂತಳು. "ನೋರಾ ಪಿಲ್ಲಿಂಗ್! ತೆಗೆದು ಓದಿದ್ಯಾ?" ಕಾಲಿನ ಚಪ್ಪಲಿ ಕಿತ್ತು ನನ್ನ ಕಡೆ ಎಸೆದಳು. ಅದು ಕನ್ನಡಿಗೆ ಬಡಿದು ಕೆಳಗೆ ಬಿತ್ತು. "ನನಗೆ ನಲ್ಲಿ ಬಿಟ್ಟು ಹೇಳೋಕೂ ಬಿಡಲಿಲ್ಲ! ದೊಡ್ಡ ನೇಮದವಳು! ಕಳ್ಳಿ!"

"ಕಳ್ಳಿನೇ. ಬೈಯಿ. ಆದ್ರೆ ಮೊದಲು ಕೇಳು." ಅವಳು ಕೂಗಿದ್ದನ್ನು ನಾನು ಮೆಲ್ಲಗೆ ಒಂದೊಂದೇ ಮಾತಾಗಿ ಹೇಳಿದೆ. ಬೀದಿ ದೀಪ. ಕೋಟು. ಪೈ. ಒದ್ದೆ ಕಾಲುಚೀಲ.

ಅವಳು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತಿದ್ದಳು.

"ಅದು ನಮ್ಮಮ್ಮ," ಎಂದಳು ಕೊನೆಗೆ. "ಬೀದಿಯ ಹನ್ನೊಂದು ಮನೆ ಮಕ್ಕಳನ್ನೂ ಅವಳೇ ಕೂಗ್ತಿದ್ದಿದ್ದು. ನಾನು ಯಾವತ್ತೂ ಅದನ್ನ ಮಾಡಿಲ್ಲ. ಯಾವ ಪಾತ್ರಕ್ಕೂ ತಗೊಂಡಿಲ್ಲ. ಯಾರ ದನಿಯಲ್ಲಿ ಹೇಳಿದೆ?"

"ನಿಂದ್ರಲ್ಲೇ."

"ನಂದು ಅಂತ ಯಾವುದಿದೆಯೇ?"

ಅವಳು ಲಕೋಟೆಯ ಚೀಟಿ ತೆಗೆದು ಓದಿದಳು, ತುಟಿ ಅಲ್ಲಾಡದಂತೆ. ಆಮೇಲೆ ಕನ್ನಡಿಯ ಮುಂದೆ ಕೂತು ಕೆನ್ನೆಯ ಬಣ್ಣ ಸರಿಮಾಡಿಕೊಳ್ಳತೊಡಗಿದಳು. ಬಣ್ಣ ಕಿವಿಯವರೆಗೆ ಹೋಯಿತು.

"ಬಾಗಿಲ ಚೀಟಿ ಕಿತ್ಯಾ?"

"ಇನ್ನೂ ಇಲ್ಲ."

"ಐದು ಗಂಟೆ ಆಟ ಯಾರು ಮಾಡ್ತಾರೆ? ಬದಲಿ ಹುಡುಗಿಗೆ ಬೇರೆಲ್ಲ ಬರುತ್ತೆ, ಕೊನೇ ಎರಡು ಸಾಲು ಅವಳ ಪುಸ್ತಕದಲ್ಲೂ ಇಲ್ಲ. ಇನ್ನೂ ಯಾರೂ ಹೇಳಿಲ್ಲ ಅದನ್ನ, ಅಲ್ವಾ? ನಾಟಕ ಇನ್ನೂ ಮುಗಿದಿಲ್ಲ."

"ಮುಗಿದಿಲ್ಲ."

"ಹಾಗಾದ್ರೆ ಮುಗಿಸಿ ಹೋಗ್ತೀನಿ. ನಾಳೆಯಿಂದ ಆ ಹುಡುಗಿ. ನಾನೇ ಪಿಯರ್ಸ್‌ಗೆ ಹೇಳ್ತೀನಿ. ಬೆನ್ನುನೋವು ಅಂತೀನಿ. ನೀನು ನಿನ್ನ ಕೆಲಸ ಮಾಡು."

ಅವಳು ಪಿಯರ್ಸನ ಬಳಿಗೆ ಹೋದಾಗ ನಾನು ಬಾಗಿಲ ಮುಂದೆ ನಿಂತು ನಾಲ್ಕು ಪಿನ್ನು ಕಿತ್ತೆ. ಚೀಟಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಅದು ಎಷ್ಟು ಹಗುರವಿತ್ತೆಂದರೆ, ಇದೆಯೋ ಇಲ್ಲವೋ ಎಂದು ಸಂಜೆಯವರೆಗೆ ಇಪ್ಪತ್ತು ಸಲ ಮುಟ್ಟಿ ನೋಡಿಕೊಂಡೆ.

ಐದರ ಆಟದಲ್ಲಿ ನಾನು ಅದೇ ಪರದೆಯ ಮರೆಯಲ್ಲಿ, ಈ ಸಲ ಕೈಯಲ್ಲಿ ಲಕೋಟೆಯ ಚೀಟಿ ಬಿಚ್ಚಿ ಹಿಡಿದು ನಿಂತಿದ್ದೆ. ತಪ್ಪಿದರೆ ಓದಿ ಕೂಗಿಬಿಡುತ್ತೇನೆ, ಸಭೆಗೆ ಕೇಳಿದರೆ ಕೇಳಲಿ ಎಂದು ನಿಶ್ಚಯಿಸಿದ್ದೆ. ಹೆಸ್ಟರ್ ಮುಂದೆ ಬಂದಳು. ಕೋಲೆತ್ತಿದಳು. ನನ್ನ ಕಡೆ ನೋಡಲೂ ಇಲ್ಲ.

"ಕತ್ತಲು ಕರಗಿತು, ಕೇಡೂ ಕಳೆಯಿತು, ನಮ್ಮೀ ಕಥೆಗೆ ಕೊನೆಯಾಯ್ತು;
ಹೊತ್ತಿಸಿ ದೀಪವ ಮನೆಮನೆಯಲ್ಲೂ, ಹೊಸ ವರುಷಕ್ಕೆ ಹೊತ್ತಾಯ್ತು!"

ಒಂದಕ್ಷರ ತಪ್ಪಲಿಲ್ಲ. ಪ್ರತಿ ‘ಹ’ಕ್ಕೂ ಮೋಂಬತ್ತಿ ಆರುವಂತಿತ್ತು. ಚಪ್ಪಾಳೆ ಬಿತ್ತು, ನಾಟಕ ಮುಗಿಯಿತು. ಪಿಯರ್ಸ್ ಮುಖ ಸಪ್ಪಗೆ ಮಾಡಿಕೊಂಡು, "ಮಧ್ಯಾಹ್ನದ್ದೇ ಚೆನ್ನಾಗಿತ್ತಲ್ಲ, ಇದನ್ಯಾಕೆ ಹಾಕಿದ್ರು?" ಎಂದು ಮೊರ್ವೆನ್ನಳನ್ನು ಕೇಳುತ್ತಿದ್ದ.

ಹೆಸ್ಟರ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಬಾಗಿಲ ಮೇಲೆ ಚೀಟಿಯಿದ್ದ ಜಾಗದ ಬಣ್ಣ ಸ್ವಲ್ಪ ಬೇರೆಯಾಗಿತ್ತು. ಅದನ್ನು ನೋಡಿ ನಿಂತಳು. ಒಳಗೆ ಬಂದು ಬಾಗಿಲು ಹಾಕಿದಳು.

"ಕೇಳಿದ್ಯಲ್ಲ. ಸರಿಯಾಗಿ ಬಂತು. ಚುಚ್ಚು ಅದನ್ನ ವಾಪಸ್ಸು."

"ಇಲ್ಲ."

"ಪಿಯರ್ಸ್‌ಗೆ ಬೆನ್ನುನೋವು ಹೋಯ್ತು ಅಂತೀನಿ. ಆರು ವಾರದ ಆಟ ಕಣೇ, ಆರೇ ವಾರ."

"ಇಲ್ಲ ಹೆಸ್."

ಅವಳು ಬೆನ್ನು ನೆಟ್ಟಗೆ ಮಾಡಿ ಗಲ್ಲ ಎತ್ತಿದಳು. ಡಚೆಸ್ ಬಂದಳು. "ಪಿಲ್ಲಿಂಗ್, ನಿಮ್ಮ ಸೇವೆಯ ಅವಧಿಯಲ್ಲಿ ಇಂಥ ಉದ್ಧಟತನವನ್ನು ನಾವು ಕಂಡಿರಲಿಲ್ಲ. ಆ ಕಾಗದವನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ತನ್ನಿ."

"ತಟ್ಟೆ ತೊಳೆಯೋಕೆ ಹೋಗಿದೆ," ಎಂದೆ.

ಜೈಲಿನ ಮೇಟ್ರನ್ ಬಂದಳು. "ಕೈ ಮುಂದೆ ಮಾಡು. ಜೇಬು ಖಾಲಿ ಮಾಡು. ಮೂರು ಎಣಿಸ್ತೀನಿ." ಎಣಿಸಿದಳು. ಡಬ್ಲಿನ್ನಿನ ಮನೆಯೊಡತಿ ಬಂದು, "ಅಯ್ಯೋ ನನ್ ಕಂದಾ, ದೇವರ ತಾಯಾಣೆಗೂ ನಿನ್ನಂಥ ಬಂಗಾರದಂಥವಳು ಇಲ್ಲ" ಎಂದು ನನ್ನ ಕೆನ್ನೆ ಸವರಿದಳು. ಪಾದ್ರಿಯ ಹೆಂಡತಿ ತಲೆ ಒಂದು ಕಡೆ ವಾಲಿಸಿ, ಸಕ್ಕರೆಯಂಥ ದನಿಯಲ್ಲಿ, "ಒಂದು ಕಪ್ ಚಹಾ ತಗೋತೀರಾ, ನೋರಾ?" ಎಂದಳು. ನಾನು ನಕ್ಕೆ. ನಗುತ್ತ ನಗುತ್ತ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ಒಂದು ಕೈ ಜೇಬಿನ ಬಾಯಿಯನ್ನು ಬಿಗಿಯಾಗಿ ಹಿಡಿದಿತ್ತು, ಇನ್ನೊಂದು ಕುರ್ಚಿಯನ್ನು.

ಅವಳೂ ನಕ್ಕಳು. ಆಮೇಲೆ ಬೆಳ್ಳಿ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. ರೆಕ್ಕೆ ಬಿಚ್ಚಿದಳು, ಲಂಗ ಬಿಚ್ಚಿದಳು, ನಾನು ಸಹಾಯಕ್ಕೆ ಹೋದರೆ ಕೈ ತಳ್ಳಿದಳು. ತನ್ನ ಉಣ್ಣೆಯ ಸ್ಕರ್ಟು ತೊಟ್ಟು, ತನ್ನ ಕಂದು ಬಣ್ಣದ ಬೂಟು ಹಾಕಿಕೊಂಡು, ಬಗ್ಗಿ ಲೇಸು ಕಟ್ಟಿದಳು. ಎಡದ್ದು, ಬಲದ್ದು. ಎದ್ದು ನನ್ನ ಎದುರು ನಿಂತಳು. ಆ ಬೂಟು ಅವಳದೇ ಕಾಲಿಗೆ ಸವೆದದ್ದು.

"ಕೊಡೇ ನೋರಾ," ಎಂದಳು. "ನಂಗೆ ಇನ್ನೇನೂ ಬರಾಕಿಲ್ಲ ಕಣೇ."

ಮಧ್ಯಾಹ್ನದ ದನಿ. ಆದರೆ ಈಗ ಅದು ಅಮ್ಮನದಲ್ಲ. ಬೀದಿಯಲ್ಲಿ ಆಡುತ್ತಿದ್ದ ಮಗುವಿನದು. ಮೂವತ್ತೊಂದು ವರ್ಷ ಕಾದು ಕೇಳಿದ ದನಿ, ಅದು ನನ್ನನ್ನು ಕೇಳಿದ್ದು ಈ ಒಂದೇ ಒಂದನ್ನು. ಪ್ರೆಸ್ಟನ್ ಸ್ಟೇಷನ್ನಿನಲ್ಲಿ ನಿನ್ನ ಎಲ್ಲಾ ದನಿನೂ ನನಗೆ ಗೊತ್ತು ಎಂದು ಜಂಬ ಕೊಚ್ಚಿದ್ದೆನಲ್ಲ, ಈ ದನಿ ಆ ಲೆಕ್ಕದಲ್ಲಿರಲಿಲ್ಲ. ಜೇಬಿನಲ್ಲಿ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಕೊಟ್ಟುಬಿಡಬೇಕೆಂದು ಎದೆ ಹೇಳಿತು, ಕೈ ಅರ್ಧ ಹೊರಗೂ ಬಂತು.

ಕೊಡಲಿಲ್ಲ.

ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು, ಯಾವುದೋ ಪಾತ್ರಕ್ಕೆ ಬೇಕಾದೀತೆಂದು ನೋಡುವ ಹಾಗೆ, ಮೂಗಿನಿಂದ ಗಲ್ಲದವರೆಗೆ. ಕೊನೆಗೆ ತನ್ನ ಕರವಸ್ತ್ರ ತೆಗೆದು ನನ್ನ ಮೂಗು ಒರೆಸಿದಳು, ಒರಟಾಗಿ, ಮಕ್ಕಳಿಗೆ ಒರೆಸುವಂತೆ. ಗೂಟದಿಂದ ನನ್ನ ಕೋಟು ತೆಗೆದು ಎರಡೂ ತೋಳು ಬಿಡಿಸಿ ಹಿಡಿದಳು. ಮೂವತ್ತೊಂದು ವರ್ಷ ಬಟ್ಟೆ ತೊಡಿಸಿದವಳು ನಾನು. ಅವಳು ನನಗೆ ಹಿಡಿದದ್ದು ಅದೇ ಮೊದಲು.

"ಒತ್ತಾಯ್ತು," ಎಂದಳು ಅದೇ ದನಿಯಲ್ಲಿ. "ಕೋಟು ಆಕ್ಕ. ಮನೆಗ್ ಓಗಾನ."

ನಾನು ಕೋಟು ಹಾಕಿಕೊಂಡೆ.